ನಿಮ್ಮ ಹಾಡು ಪುಕ್ಕಟೆ ಸೈಟಿನಲ್ಲಿ ಸಿಕ್ಕರೆ: ಮಡಿಕೇರಿಯಲ್ಲೇ ಕೇಸು ಹಾಕುವುದು ಹೇಗೆ?

ಗೋಣಿಕೊಪ್ಪಲಿನಲ್ಲೋ ವಿರಾಜಪೇಟೆಯಲ್ಲೋ ನಾಲ್ಕು ಜನ ಸೇರಿ, ಕೈಯಿಂದ ದುಡ್ಡು ಹಾಕಿ, ಒಂದು ಕೊಡವ ಹಾಡಿನ ಆಲ್ಬಂ ಮಾಡುತ್ತಾರೆ. ವಾರದೊಳಗೆ ಯಾವುದೋ ಫೈಲ್ ಹಂಚುವ ಸೈಟಿನಲ್ಲಿ ಇಡೀ ಆಲ್ಬಂ ಪುಕ್ಕಟೆ. 2011ರ ಜನಗಣತಿಯಲ್ಲಿ ಕೊಡವ ತಕ್ಕ್ ತಾಯ್ನುಡಿ ಎಂದವರು 1,13,857 ಮಂದಿ. ಇಷ್ಟು ಸಣ್ಣ ಮಾರುಕಟ್ಟೆಯಲ್ಲಿ ಒಂದು ಲಿಂಕ್ ಸಾಕು, ಹಾಕಿದ ದುಡ್ಡು ಮುಳುಗಲು. ಇಂಟರ್ನೆಟ್ ಅಲ್ವಾ, ಏನು ಮಾಡೋಕಾಗುತ್ತೆ ಅಂತ ಸುಮ್ಮನೆ ಕೂರಬೇಡಿ. ದಾರಿ ಇದೆ, ಆದರೆ ಅದರಲ್ಲಿ ದಿನಗಳ ಲೆಕ್ಕ ಬಹಳ ಮುಖ್ಯ.

ಮೊದಲು, ನಿಮ್ಮದು ಯಾವುದು ಅಂತ ನೋಡಿಕೊಳ್ಳಿ. ನಡಿಕೇರಿಯಂಡ ಚಿಣ್ಣಪ್ಪನವರು ಹಳೆಯ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ತಂದರು. ಅವರು ತೀರಿಕೊಂಡಿದ್ದು 1931ರಲ್ಲಿ. ಆ ಪುಸ್ತಕದ ಹಕ್ಕಿನ ಅವಧಿ ಎಂದೋ ಮುಗಿದಿದೆ, ಅದರ ಹಾಡನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಅದೇ ಹಾಡನ್ನು ದುಡಿ ಬಾರಿಸಿ ನೀವು ರೆಕಾರ್ಡ್ ಮಾಡಿಸಿದರೆ, ಆ ರೆಕಾರ್ಡಿಂಗ್‌ನ ಹಕ್ಕು ನಿಮ್ಮದು, ಹೊರಬಂದ ಮುಂದಿನ ವರ್ಷದಿಂದ 60 ವರ್ಷ. ನಮ್ಮಲ್ಲಿ ಬಹಳ ಜನ ಇಲ್ಲೇ ಎಡವುತ್ತಾರೆ. "ಜನಪದ ಹಾಡು ತಾನೇ, ಎಲ್ಲರದ್ದು" ಅಂತ ಯಾರಾದರೂ ಅಂದರೆ ಒಪ್ಪಿಕೊಂಡುಬಿಡುತ್ತಾರೆ. ಒಪ್ಪಬೇಡಿ. ಹಕ್ಕು ನೋಂದಾಯಿಸಲೇಬೇಕು ಅಂತಿಲ್ಲ, ನೋಂದಾಯಿಸಿದ್ದರೆ ಸಾಬೀತು ಸುಲಭ. ಸ್ಟುಡಿಯೋ ಬಿಲ್ಲು, ಗಾಯಕರ ಜೊತೆ ಮಾಡಿಕೊಂಡ ಪತ್ರ, ಮಿಕ್ಸ್ ಮಾಡುವ ಮೊದಲಿನ ಫೈಲುಗಳು, ಎಲ್ಲವನ್ನೂ ಒಂದು ಕಡೆ ಇಡಿ.

ಆಮೇಲೆ ಸಾಕ್ಷಿ. ಸೈಟಿನಲ್ಲಿ ಕೆಟ್ಟದಾಗಿ ಬೈದು ಬರೆಯಬೇಕು ಅನ್ನಿಸುವುದು ಸಹಜ, ಆದರೆ ಬರೆದ ಗಳಿಗೆಯಲ್ಲೇ ಅವರು ಲಿಂಕ್ ಬದಲಾಯಿಸುತ್ತಾರೆ. ಬಾಯಿ ಮುಚ್ಚಿಕೊಂಡು ಸ್ಕ್ರೀನ್‌ಶಾಟ್ ತೆಗೆಯಿರಿ. ಅದರಲ್ಲಿ ಪೂರ್ತಿ ವಿಳಾಸ, ಫೈಲಿನ ಹೆಸರು, ಎಷ್ಟು ಎಂಬಿ, ತಾರೀಕು, ಸಮಯ ಕಾಣಬೇಕು. ಸಾಕ್ಷಿಗೆಂದು ಒಂದು ಪ್ರತಿ ಇಳಿಸಿಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ಸಾಕ್ಷಿಗೆ ಎರಡು ಭಾಗದ ಸರ್ಟಿಫಿಕೇಟ್ ಬೇಕು. ಒಂದಕ್ಕೆ ನೀವು ಸಹಿ ಹಾಕುವುದು, ಇನ್ನೊಂದಕ್ಕೆ ತಜ್ಞರು. ಅದರಲ್ಲಿ ಫೈಲಿನ ಹ್ಯಾಶ್ ಬರೆಯಬೇಕು, ಅಂದರೆ ಆ ಫೈಲಿನಿಂದಲೇ ಲೆಕ್ಕ ಹಾಕಿ ತೆಗೆದ ಉದ್ದದ ಅಕ್ಷರ-ಅಂಕಿಯ ಸಾಲು. ಫೈಲಿನಲ್ಲಿ ಒಂದು ಚೂರು ಬದಲಾದರೂ ಸಾಲು ಬೇರೆಯಾಗುತ್ತದೆ.

ಈಗ ನೋಟಿಸ್. ಇದರಲ್ಲಿ ಅವಸರ ಬೇಡವೇ ಬೇಡ. 2013ರ ಕೃತಿಸ್ವಾಮ್ಯ (ಕಾಪಿರೈಟ್) ನಿಯಮಗಳ 75ನೇ ನಿಯಮದಂತೆ ಲಿಖಿತ ದೂರು ಕೊಟ್ಟರೆ ಸೈಟಿನವರು 36 ಗಂಟೆಯೊಳಗೆ ಆ ಫೈಲು ಸಿಗದಂತೆ ಮಾಡಬೇಕು. ಕೃತಿ ಯಾವುದು, ಹಕ್ಕು ನಿಮಗೆ ಹೇಗೆ ಬಂತು, ಯಾವ ಲಿಂಕಿನಲ್ಲಿದೆ, ಅದು ಕಾನೂನು ವಿನಾಯಿತಿ ಕೊಟ್ಟಿರುವ ಬಳಕೆ ಯಾಕಲ್ಲ, ಇಷ್ಟೂ ಬರೆಯಿರಿ. "ನಮ್ಮ ಹಾಡೆಲ್ಲ ತೆಗೆಯಿರಿ" ಅಂದರೆ ನಡೆಯುವುದಿಲ್ಲ, ಒಂದೊಂದು ಲಿಂಕನ್ನೂ ಕೊಡಬೇಕು. ಕೊನೆಯಲ್ಲಿ ಹೀಗೊಂದು ಮುಚ್ಚಳಿಕೆ ಇರಲೇಬೇಕು: "ಈ ನೋಟಿಸ್ ತಮಗೆ ತಲುಪಿದ 21 ದಿನದೊಳಗೆ ಸಕ್ಷಮ ನ್ಯಾಯಾಲಯದಲ್ಲಿ ದಾವೆ ಹೂಡಿ ಆದೇಶವನ್ನು ಹಾಜರುಪಡಿಸುತ್ತೇವೆ."

ಈ ಸಾಲನ್ನು ಬಾಯಿಮಾತಿಗೆ ಬರೆಯಬೇಡಿ. 21 ದಿನದಲ್ಲಿ ಆದೇಶ ತರದಿದ್ದರೆ ಅವರು ಫೈಲನ್ನು ಮತ್ತೆ ಹಾಕಬಹುದು, ಅಷ್ಟೇ ಅಲ್ಲ, ಅದೇ ಹಾಡಿಗೆ ಅದೇ ಜಾಗದ ಬಗ್ಗೆ ನೀವು ಕಳಿಸುವ ಇನ್ನೊಂದು ನೋಟಿಸಿಗೆ ಉತ್ತರ ಕೊಡಬೇಕಾದ ಹಂಗೂ ಅವರಿಗಿಲ್ಲ. ಹಾಗಾಗಿ ವಕೀಲರನ್ನು ಹಿಡಿದು, ದಾವೆಯ ಕರಡು ಕೈಯಲ್ಲಿಟ್ಟುಕೊಂಡೇ ನೋಟಿಸ್ ಕಳಿಸಿ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಇದಕ್ಕಿಂತ ದೊಡ್ಡ ಎಚ್ಚರಿಕೆ ಇಲ್ಲ.

ಕೋರ್ಟ್ ಅಂದರೆ ಬೆಂಗಳೂರಿಗೆ ಓಡಬೇಕು ಅಂದುಕೊಂಡಿದ್ದೀರಾ? ಬೇಡ. ಕೃತಿಸ್ವಾಮ್ಯ ಕಾಯ್ದೆಯ 62ನೇ ಕಲಮು ಹಕ್ಕುದಾರ ವಾಸವಿರುವ ಅಥವಾ ವ್ಯವಹಾರ ಮಾಡುವ ಕಡೆಯ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹೂಡಲು ಬಿಡುತ್ತದೆ. ಸೋಮವಾರಪೇಟೆಯವರಾದರೂ ಮಡಿಕೇರಿ ಸಾಕು. ದಾವೆಯ ಮೌಲ್ಯ 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ವಾಣಿಜ್ಯ ದಾವೆ, ಮೊದಲು ಸಂಧಾನಕ್ಕೆ ಹೋಗಬೇಕು. ಆದರೆ ತುರ್ತು ತಡೆಯಾಜ್ಞೆ ಬೇಕಿದ್ದರೆ ಆ ಮೆಟ್ಟಿಲು ಇಲ್ಲ, ನಿಮಗೆ ಬೇಕಿರುವುದು ಅದೇ ಅಲ್ವಾ, ಅರ್ಜಿಯಲ್ಲಿ ಸ್ಪಷ್ಟವಾಗಿ ಕೇಳಿ.

ಸೈಟಿನ ಮಾಲೀಕ ಯಾರೋ ಗೊತ್ತಿಲ್ಲದಿದ್ದರೂ ಕೇಸು ನಿಲ್ಲುತ್ತದೆ. ಅಂಥವರನ್ನು 'ಅಶೋಕ್ ಕುಮಾರ್' ಅಂತ ಹೆಸರಿಸಿ ಹೂಡುವ ರೂಢಿ ನಮ್ಮ ಕೋರ್ಟುಗಳಲ್ಲಿದೆ. ಸೈಟು ಹೆಸರು ಬದಲಿಸಿಕೊಂಡು ಮತ್ತೆ ಎದ್ದರೆ? ಸಿನಿಮಾ, ಹಾಡುಗಳನ್ನು ಪುಕ್ಕಟೆ ಹಂಚಲು ಹೆಸರಾದ ಪೈರೇಟ್ ಬೇ ಸೈಟಿನ ಹಿಂದಿದ್ದ ನಾಲ್ವರಿಗೆ 2009ರಲ್ಲಿ ಸ್ಟಾಕ್‌ಹೋಮ್ ಕೋರ್ಟು ಜೈಲು ಶಿಕ್ಷೆ ಕೊಟ್ಟರೂ ಸೈಟು ಬೇರೆ ಬೇರೆ ವಿಳಾಸದಲ್ಲಿ ಉಳಿದೇ ಉಳಿಯಿತು. ಇದಕ್ಕೆಂದೇ ದೆಹಲಿ ಹೈಕೋರ್ಟ್ 2019ರಲ್ಲಿ ಒಂದು ದಾರಿ ಮಾಡಿಕೊಟ್ಟಿತು. ಅದೇ ಸೈಟಿನ ಹೊಸ ವಿಳಾಸಗಳನ್ನೂ ಮೂಲ ಆದೇಶಕ್ಕೆ ಸೇರಿಸಿಕೊಳ್ಳುತ್ತಾ ಹೋಗಬಹುದು, ಪ್ರತಿ ಸಲ ಹೊಸ ದಾವೆ ಬೇಡ. ಆ ತೀರ್ಪನ್ನು ನಿಮ್ಮ ವಕೀಲರು ಉಲ್ಲೇಖಿಸಲಿ.

ಪೊಲೀಸ್ ದೂರು ಬೇರೆಯೇ ದಾರಿ. ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನಡಿ ಗೊತ್ತಿದ್ದೂ ಕದ್ದು ಹಂಚಿದವರಿಗೆ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಹಣ ಮಾಡಿಕೊಳ್ಳುತ್ತಿರುವ ಸೈಟಿನ ಮೇಲೆ ಇದನ್ನು ಬಳಸಿ. ವಾಟ್ಸ್ಆಪ್‌ನಲ್ಲಿ ಹಾಡು ಕಳಿಸಿದ ಪಕ್ಕದ ಮನೆ ಹುಡುಗನ ಮೇಲೆ ಬೇಡ, ಅವನಿಗೆ ಒಂದು ಮಾತು ಹೇಳಿದರೆ ಸಾಕು. ಹಾಗೇ, ಹಕ್ಕಿಲ್ಲದೆ ಸುಮ್ನೆ ಕೇಸಿನ ಬೆದರಿಕೆ ಹಾಕಿದರೆ 60ನೇ ಕಲಮಿನಡಿ ಎದುರಿನವರೇ ನಿಮ್ಮ ಮೇಲೆ ದಾವೆ ಹೂಡಬಹುದು.

ತಡೆಯಾಜ್ಞೆ ಸಿಕ್ಕಿದ ದಿನವೇ ಅದರ ಪ್ರಮಾಣಿತ ಪ್ರತಿಗೆ ಅರ್ಜಿ ಹಾಕಿ. ಅದನ್ನು ನೋಟಿಸ್ ಕಳಿಸಿದ ಇಮೇಲಿಗೇ ಉತ್ತರವಾಗಿ ಕಳಿಸಿ, ಹುಡುಕಾಟದ ಫಲಿತಾಂಶದಿಂದಲೂ ಆ ಲಿಂಕ್ ತೆಗೆಸಲು ಗೂಗಲ್‌ನ ದೂರು ಫಾರಂ ತುಂಬಿ.