ಹಾರ್ಡ್ ಡಿಸ್ಕ್ ಕೈಕೊಟ್ಟಾಗ ಫೋಟೋಗಳನ್ನು ವಾಪಸ್ ಪಡೆದದ್ದು

ಅಕ್ಕನ ಮದುವೆ ಫೋಟೋಗಳೆಲ್ಲ ಇದ್ದದ್ದು ಒಂದೇ ಕಡೆ, 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿ. ಬ್ಯಾಕಪ್ ಇರಲಿಲ್ಲ, ಬೈಯಬೇಡಿ. ಒಂದು ದಿನ ಲ್ಯಾಪ್‌ಟಾಪ್‌ಗೆ ಚುಚ್ಚಿದರೆ, ಫಾರ್ಮ್ಯಾಟ್ ಮಾಡಬೇಕಾ ಅಂತ ವಿಂಡೋಸ್ ಕೇಳಿತು. ಕೇಬಲ್ ಬದಲಿಸಿ ನೋಡಿದೆ. ಊಹೂಂ.

ಸದ್ಯ, ಟಕ್ ಟಕ್ ಸದ್ದು ಇರಲಿಲ್ಲ. ಇದ್ದಿದ್ದರೆ ಒಳಗೆ ಡೇಟಾ ಓದುವ ಹೆಡ್ ಕೆಟ್ಟಿರುವ ಸಾಧ್ಯತೆ ಜಾಸ್ತಿ. ಆಗ ನಾನು ಕೈ ಹಾಕದೆ ಡೇಟಾ ರಿಕವರಿಯವರಿಗೇ ಕೊಡುತ್ತಿದ್ದೆ. ವಿಂಡೋಸ್‌ನ ಡಿಸ್ಕ್ ರಿಪೇರಿ ಟೂಲ್ ಚೆಕ್‌ಡಿಸ್ಕ್ ಓಡಿಸು ಅಂದ ಗೆಳೆಯ. ಬೇಡ ಅಂದೆ. ರಿಪೇರಿ ಮಾಡಲು ಹೋಗಿ ಅದು ಅದೇ ಡಿಸ್ಕ್ ಮೇಲೆ ಬರೆಯುತ್ತದೆ.

ಉಬುಂಟು (ಲಿನಕ್ಸ್) ಇದ್ದ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಬೂಟ್ ಮಾಡಿ, ಕೆಟ್ಟ ಡಿಸ್ಕ್ ನಕಲು ಮಾಡುವ ಡಿಡಿರೆಸ್ಕ್ಯೂ ಅನ್ನೋ ಟೂಲ್ ಹಾಕಿಕೊಂಡು, 2 ಟಿಬಿಯ ಹೊಸ ಡಿಸ್ಕ್‌ಗೆ ಇಡೀ ಇಮೇಜ್, ಅಂದರೆ ಹಳೇ ಡಿಸ್ಕ್‌ನ ಪೂರ್ತಿ ನಕಲು, ತೆಗೆದೆ. ಡಿಡಿರೆಸ್ಕ್ಯೂ ಜಾಣ. ಚೆನ್ನಾಗಿರುವ ಭಾಗವನ್ನು ಮೊದಲು ನಕಲು ಮಾಡುತ್ತದೆ, ಕೆಟ್ಟ ಜಾಗ ಸಿಕ್ಕರೆ ಹಾರಿ ಮುಂದೆ ಹೋಗಿ, ಕೊನೆಗೆ ಮತ್ತೆ ಅಲ್ಲಿಗೆ ಬರುತ್ತದೆ. ಎಲ್ಲಿವರೆಗೆ ಆಯಿತು ಅಂತ ಮ್ಯಾಪ್ ಫೈಲ್‌ನಲ್ಲಿ ಗುರುತು ಇಡುತ್ತದೆ. ಆ ಫೈಲನ್ನೂ ಹೊಸ ಡಿಸ್ಕ್‌ನಲ್ಲೇ ಇಟ್ಟಿದ್ದು ಒಳ್ಳೆಯದಾಯಿತು, ರಾತ್ರಿ ಲ್ಯಾಪ್‌ಟಾಪ್ ಆಫ್ ಆಯ್ತು! ಬೆಳಿಗ್ಗೆ ಅದೇ ಕಮಾಂಡ್ ಕೊಟ್ಟೆ, ನಿಂತಲ್ಲಿಂದಲೇ ಶುರುವಾಯಿತು. ಕಮಾಂಡ್‌ನಲ್ಲಿ ಹಳೇ ಡಿಸ್ಕ್ ಮೊದಲು, ಹೊಸದು ಆಮೇಲೆ. ಉಲ್ಟಾ ಆದರೆ ಕಥೆ ಮುಗಿದಂತೆ, ನಾನು ಮೂರು ಸಲ ನೋಡಿದೆ.

ಆಮೇಲಿನದ್ದು ಸುಲಭ. ಇಮೇಜ್ ಮೇಲೆ ಟೆಸ್ಟ್‌ಡಿಸ್ಕ್ ಅನ್ನೋ ರಿಕವರಿ ಟೂಲ್ ಓಡಿಸಿದೆ, ಫೈಲ್‌ಗಳಿದ್ದ ಪಾರ್ಟಿಷನ್ ಸಿಕ್ಕಿತು, ಫೋಲ್ಡರ್‌ಗಳು ಹೆಸರಿನ ಸಮೇತ ಕಂಡವು. ಉಳಿದದ್ದನ್ನು ಫೋಟೋರೆಕ್ ಅನ್ನೋ ಇನ್ನೊಂದು ಟೂಲ್ ಹೆಕ್ಕಿತು, ಆದರೆ ಹೆಸರುಗಳಿಲ್ಲ, ಬರೀ ನಂಬರುಗಳು. ಧಾರೆಯ ಫೋಟೋ ಯಾವುದು ಅಂತ ಅಕ್ಕ ಇನ್ನೂ ಹುಡುಕುತ್ತಿದ್ದಾಳೆ.