ಷಟ್ಪದಿಯಿಂದ ಚಿತ್ರಕಥೆಗೆ: ಬಭ್ರುವಾಹನನ ಕಾಳಗವನ್ನು ದೃಶ್ಯಕ್ಕೆ ಇಳಿಸಿದ ಬಗೆ

ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ 34 ಸಂಧಿಗಳಿವೆ. ಪಾಂಡವರ ಅಶ್ವಮೇಧದ ಕುದುರೆ ಹೋದಲ್ಲೆಲ್ಲ ಒಬ್ಬ ವೀರ ಎದ್ದು ಬರುತ್ತಾನೆ: ಸುಧನ್ವ, ತಾಮ್ರಧ್ವಜ, ವೀರವರ್ಮ, ಬಭ್ರುವಾಹನ. ಸಿನಿಮಾಕ್ಕೆ ಒಬ್ಬನನ್ನು ಆರಿಸಿಕೊಳ್ಳುವುದಾದರೆ ನನ್ನ ಮತ ಬಭ್ರುವಾಹನನಿಗೆ. ಉಳಿದವರ ಕಥೆಯಲ್ಲಿ ಕಾಳಗ ಮುಗಿದ ಮೇಲೆ ಭಕ್ತಿಯಷ್ಟೇ ಉಳಿಯುತ್ತದೆ. ಇಲ್ಲಿ ಗೆದ್ದವನ ಕೈಯಲ್ಲಿ ತಂದೆ ಅರ್ಜುನನ ಹೆಣ ಇರುತ್ತದೆ.

ಮೊದಲ ಕೆಲಸ ಪದ್ಯಗಳನ್ನು ಬೇರ್ಪಡಿಸುವುದು. ಒಂದು ಪದ್ಯಕ್ಕೆ ಒಂದು ಚೀಟಿ. ಮೂಲೆಯಲ್ಲಿ ಒಂದೇ ಗುರುತು: ಕ್ರಿಯೆಗೆ ಕ್ರಿ, ಮಾತಿಗೆ ಮಾ, ವರ್ಣನೆಗೆ ವ, ಸ್ತುತಿಗೆ ಸ್ತು. ಕಾಳಗದ ಸಂಧಿಗಳಲ್ಲಿ ‘ವ’ ಚೀಟಿಯೇ ಗುಡ್ಡೆ ಬೀಳುತ್ತದೆ. ಲಕ್ಷ್ಮೀಶನಿಗೆ ಉಪಮಾಲೋಲ ಎಂಬ ಬಿರುದು ಸುಮ್ಮನೆ ಬಂದದ್ದಲ್ಲ. ಆ ಉಪಮೆಗಳನ್ನು ಚಿತ್ರವಾಗಿ ತೆಗೆಯಲು ಹೊರಟರೆ ಕೆಡುತ್ತದೆ. ಬಾಣದ ಮಳೆ ಎಂದಿದ್ದರೆ ಮಳೆಯನ್ನೂ ತೋರಿಸುವಂತಿಲ್ಲ, ಬಾಣದಿಂದ ಆಕಾಶ ತುಂಬಿಸಿದರೂ ಅದು ಲೆಕ್ಕಕ್ಕೆ ಸಿಗುವ ಬಾಣಗಳಾಗಿಬಿಡುತ್ತದೆ. ಹಾಗಾಗಿ ‘ವ’ ಚೀಟಿಗಳಿಂದ ನಾನು ಎರಡನ್ನು ಮಾತ್ರ ತೆಗೆದುಕೊಳ್ಳುತ್ತೇನೆ: ಸದ್ದು ಮತ್ತು ಬೆಳಕು. ಧೂಳು ಎದ್ದು ಹಗಲು ಮಂಕಾಯಿತು ಎಂಬುದು ಛಾಯಾಗ್ರಾಹಕನಿಗೆ ಕೊಡಬಹುದಾದ ಸೂಚನೆ. ಅಕ್ಷೋಹಿಣಿ ಹಾಗಲ್ಲ. ಒಂದು ಅಕ್ಷೋಹಿಣಿ ಎಂದರೆ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಅದನ್ನು ತೋರಿಸಬೇಡಿ, ಕೇಳಿಸಿ.

‘ಕ್ರಿ’ ಚೀಟಿ ಹೇಗಿರಬೇಕು ಎಂಬುದಕ್ಕೆ ಅದೇ ಕಾವ್ಯದಲ್ಲಿ ಎಲ್ಲರೂ ಶಾಲೆಯಲ್ಲಿ ಬಾಯಿಪಾಠ ಮಾಡಿದ ಪದ್ಯ ಇದೆ. ಲವ ತನ್ನ ಉತ್ತರೀಯವನ್ನು ತೆಗೆದು ಕುದುರೆಯ ಕೊರಳಿಗೆ ಬಿಗಿದು ಬಾಳೆಯ ಗಿಡಕ್ಕೆ ಕಟ್ಟುತ್ತಾನೆ, ಮುನಿಗಳ ಮಕ್ಕಳು ಬೇಡ ಬೇಡ ಎನ್ನುತ್ತಾರೆ. ಬಟ್ಟೆ, ಕೊರಳು, ಬಾಳೆ, ಹೆದರಿದ ಮುಖಗಳು. ನಾಲ್ಕು ಶಾಟ್ ಕವಿಯೇ ಕತ್ತರಿಸಿ ಕೊಟ್ಟಿದ್ದಾನೆ. ಆ ಕುಶಲವರ ಕಥೆ ಬರುವುದೂ ಬಭ್ರುವಾಹನನ ಪ್ರಸಂಗದ ನಡುವೆಯೇ, ತಂದೆ ಮಕ್ಕಳ ಕಾಳಗಕ್ಕೆ ಹೋಲಿಕೆಯಾಗಿ. ಚಿತ್ರಕಥೆಯಲ್ಲಿ ಅದಕ್ಕೆ ಜಾಗವಿಲ್ಲ. ಒಳಗೆ ಇನ್ನೊಂದು ಸಿನಿಮಾ ಶುರುವಾಗುತ್ತದೆ.

ಎರಡನೆಯ ಕೆಲಸ, ಲಕ್ಷ್ಮೀಶನ ಪಕ್ಕಕ್ಕೆ ವ್ಯಾಸಭಾರತದ ಆಶ್ವಮೇಧಿಕ ಪರ್ವವನ್ನು ಇಟ್ಟು ಮೂರು ಕಾಲಮ್ಮಿನ ಪಟ್ಟಿ ಮಾಡುವುದು: ವ್ಯಾಸ, ಲಕ್ಷ್ಮೀಶ, ನನ್ನ ಆಯ್ಕೆ. ವ್ಯತ್ಯಾಸಗಳು ಸಣ್ಣವಲ್ಲ. ವ್ಯಾಸರಲ್ಲಿ ಕಾಣಿಕೆ ಹಿಡಿದು ಬಂದ ಮಗನನ್ನು ಅರ್ಜುನ ಕ್ಷತ್ರಿಯಧರ್ಮ ಮರೆತೆಯಾ ಎಂದು ಮೂದಲಿಸುತ್ತಾನೆ. ಆಗ ಅರ್ಜುನನ ಇನ್ನೊಬ್ಬ ಹೆಂಡತಿ, ನಾಗಕನ್ಯೆ ಉಲೂಪಿ ನೆಲದಿಂದೆದ್ದು ಬಂದು ಯುದ್ಧಕ್ಕೆ ಹುರಿದುಂಬಿಸುತ್ತಾಳೆ. ಬಾಣ ತಗುಲಿ ಅರ್ಜುನ ಬೀಳುತ್ತಾನೆ, ಉಲೂಪಿಯ ಮಣಿಯಿಂದ ಏಳುತ್ತಾನೆ. ಭೀಷ್ಮನನ್ನು ಕೊಂದದ್ದಕ್ಕೆ ವಸುಗಳು ಕೊಟ್ಟ ಶಾಪ ಹಿಂದಿರುತ್ತದೆ. ಲಕ್ಷ್ಮೀಶನಲ್ಲಿ ಅರ್ಜುನ ಮಗನ ಹುಟ್ಟನ್ನೇ ಹಳಿದು ಒದೆಯುತ್ತಾನೆ. ಕರ್ಣನ ಮಗ ವೃಷಕೇತು ಸಾಯುತ್ತಾನೆ. ನೀಲಧ್ವಜನ ಹೆಂಡತಿ ಜ್ವಾಲೆ ಅರ್ಜುನನ ಮೇಲಿನ ಹಗೆ ತೀರಿಸಿಕೊಳ್ಳಲು ಬಾಣವಾಗಿ ಬಭ್ರುವಾಹನನ ಬತ್ತಳಿಕೆ ಸೇರುತ್ತಾಳೆ. ಅರ್ಜುನನ ತಲೆ ಹಾರುತ್ತದೆ, ಆ ತಲೆಯನ್ನು ನಾಗರು ಕದಿಯುತ್ತಾರೆ, ಕೃಷ್ಣ ಬಂದ ಮೇಲೆಯೇ ಎಲ್ಲ ಸರಿಹೋಗುತ್ತದೆ.

ಮೂರನೆಯ ಕಾಲಮ್ಮಿನಲ್ಲಿ ನಾನು ಬರೆದದ್ದು: ಒದೆತ ಲಕ್ಷ್ಮೀಶನದು, ಸಾವು ವ್ಯಾಸರದು. ತಲೆ ಹಾರಿಸಿದರೆ ಮುಂದಿನ ಹದಿನೈದು ನಿಮಿಷ ತಲೆ ಹುಡುಕುವುದರಲ್ಲೇ ಕಳೆಯುತ್ತದೆ, ಇಬ್ಬರು ತಾಯಂದಿರ ದುಃಖ ಹಿಂದಕ್ಕೆ ಸರಿಯುತ್ತದೆ. ದೇಹ ಇಡಿಯಾಗಿದ್ದರೆ ಹೆತ್ತ ತಾಯಿ ಚಿತ್ರಾಂಗದೆ ಅದರ ಪಕ್ಕದಲ್ಲಿ ಕೂತು ಪ್ರಾಯೋಪವೇಶಕ್ಕೆ, ಅಂದರೆ ಉಪವಾಸವಿದ್ದು ಪ್ರಾಣ ಬಿಡಲು, ಸಿದ್ಧಳಾಗಬಹುದು. ಅದು ವ್ಯಾಸರಲ್ಲೇ ಇರುವ ದೃಶ್ಯ, ಅದರಷ್ಟು ಬಲವಾದದ್ದನ್ನು ನಾವು ಹೊಸದಾಗಿ ಬರೆಯಲಾರೆವು. ಜ್ವಾಲೆಯ ವಿಷಯದಲ್ಲಿ ನಡುದಾರಿ ಇಲ್ಲ. ಇಟ್ಟುಕೊಂಡರೆ ಮೊದಲ ಇಪ್ಪತ್ತು ನಿಮಿಷದೊಳಗೆ ಅವಳನ್ನು ತೋರಿಸಿರಬೇಕು, ಕೊನೆಯಲ್ಲಿ ಬಾಣವಾಗಿ ತಂದರೆ ಜನ ಒಪ್ಪುವುದಿಲ್ಲ. ಬಿಟ್ಟರೆ ಕೊಂದವನು ಮಗನೇ ಆಗುತ್ತಾನೆ, ಹೊಣೆ ಹೊರಲು ಬೇರೆ ಯಾರೂ ಇರುವುದಿಲ್ಲ. ನಾನು ಬಿಟ್ಟೆ.

ಇನ್ನು ಒದೆತದ ದೃಶ್ಯ. ಇಡೀ ಚಿತ್ರಕಥೆ ನಿಂತಿರುವುದು ಇದರ ಮೇಲೆ, ಹೆಚ್ಚು ಸಲ ತಿದ್ದಿದ್ದೂ ಇದನ್ನೇ. ಸಹಜವಾಗಿ ಬರುವ ಮೊದಲ ಕರಡು ಹೀಗಿರುತ್ತದೆ: ಮಗ ಕಾಲಿಗೆ ಬೀಳುತ್ತಾನೆ, ತಂದೆ ಒದೆಯುತ್ತಾನೆ, ಕಿರೀಟ ಉರುಳುತ್ತದೆ, ಮಗ ಎದ್ದು ಗುಡುಗುತ್ತಾನೆ. ಇದರಲ್ಲಿ ಮೂರು ತಪ್ಪಿವೆ. ಉರುಳುವ ಕಿರೀಟ ನಾಟಕದ ಕಂಪನಿಗಳ ಕಾಲದಿಂದ ಸವೆದ ಚಿತ್ರ, ಜೊತೆಗೆ ಹಗುರ ಲೋಹದ್ದಾದ್ದರಿಂದ ತಗಡಿನ ಸದ್ದು ಬರುತ್ತದೆ. ಒದೆತ ಮೊದಲು ಬಂದರೆ ಆಮೇಲಿನ ಬೈಗುಳ ಯಾರ ಕಿವಿಗೂ ಬೀಳುವುದಿಲ್ಲ. ಮಗ ತಕ್ಷಣ ಗುಡುಗಿದರೆ ಅವಮಾನ ಅವನೊಳಗೆ ಇಳಿದದ್ದು ಕಾಣುವುದಿಲ್ಲ.

ತಿದ್ದಿದ ಕ್ರಮ ಇದು. ಮಗ ಬಗ್ಗಿದ್ದಾನೆ, ಮುಖ ಕಾಣದು, ಎರಡೂ ಕೈಯಲ್ಲಿ ಕಾಣಿಕೆಯ ಹರಿವಾಣ. ತಂದೆಯ ಮಾತು ಅವನ ಬೆನ್ನ ಮೇಲೆ ಬೀಳುತ್ತದೆ: ಮೊದಲು ಹೇಡಿತನದ ಮಾತು, ಆಮೇಲೆ ಅಭಿಮನ್ಯುವಿನ ಹೆಸರು, ಕೊನೆಗೆ ತಾಯಿಯ ಮಾತು. ಮೂರನೆಯದಕ್ಕೆ ಹರಿವಾಣ ಅಲುಗುತ್ತದೆ, ಮುತ್ತೊಂದು ಅಂಚಿಗೆ ಉರುಳುತ್ತದೆ. ಆಮೇಲೆ ಒದೆತ. ಕಾಲು ತಾಗುವುದನ್ನು ತೋರಿಸುವುದಿಲ್ಲ. ಹರಿವಾಣ ಬೀಳುವುದನ್ನು ತೋರಿಸುತ್ತೇವೆ. ನಾಲ್ಕು ಸೆಕೆಂಡ್ ಸಂಗೀತವಿಲ್ಲ. ಮಂತ್ರಿಯ ಮುಖ ಒಂದು ಶಾಟ್, ಅದೂ ನೆಲ ನೋಡುತ್ತಿರುವಂತೆ. ಮಗ ಎದ್ದು ಒಂದು ಮಾತೂ ಆಡದೆ ಕುದುರೆಯ ಹಗ್ಗವನ್ನು ತನ್ನವನ ಕೈಯಿಂದ ತಾನೇ ತೆಗೆದುಕೊಳ್ಳುತ್ತಾನೆ. ಹಗ್ಗ ಕೈಗೆ ಬಂದ ಮೇಲೆಯೇ ಮಾತು. ನಟ ಇದನ್ನು ಅದಲು ಬದಲು ಮಾಡಲು ಬಯಸುತ್ತಾನೆ, ಬಿಡಬೇಡಿ.

ಸವಾಲಿನ ಮಾತು ಗದ್ಯದಲ್ಲಿರಬೇಕೋ ಪದ್ಯದಲ್ಲೋ? ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದ 1977ರ ‘ಬಭ್ರುವಾಹನ’ದಲ್ಲಿ ಅರ್ಜುನನೂ ಬಭ್ರುವಾಹನನೂ ರಾಜಕುಮಾರ್ ಅವರೇ. ಅಲ್ಲಿ ತಂದೆ ಮಗ ಹಾಡಿನಲ್ಲೇ ಜರೆದುಕೊಳ್ಳುತ್ತಾರೆ, ಅದು ಇಂದಿಗೂ ಜನರ ಬಾಯಲ್ಲಿದೆ. ಕಾರಣ ಸರಳ: ಛಂದಸ್ಸು ಇದ್ದಾಗ ಏಟಿಗೂ ಎದುರೇಟಿಗೂ ಅಳತೆ ಒಂದೇ ಆಗುತ್ತದೆ. ಲಕ್ಷ್ಮೀಶನ ವಾರ್ಧಕ ಷಟ್ಪದಿಯ 1, 2, 4, 5ನೇ ಸಾಲುಗಳಲ್ಲಿ ಐದು ಮಾತ್ರೆಯ ನಾಲ್ಕು ಗಣ, ಅಂದರೆ 20 ಮಾತ್ರೆ. 3 ಮತ್ತು 6ರಲ್ಲಿ ಆರು ಗಣದ ಮೇಲೊಂದು ಗುರು, 32 ಮಾತ್ರೆ. ಒಟ್ಟು 144. ಪೂರ್ತಿ ಪದ್ಯ ಸುಮ್ಮನೆ ಓದಲು ಅರ್ಧ ನಿಮಿಷ ಬೇಕು, ಗಮಕಕ್ಕೆ ಕೂರಿಸಿದರೆ ಅದಕ್ಕಿಂತ ಬಹಳ ಹೆಚ್ಚು. ತೆರೆಯ ಮೇಲೆ ಅಷ್ಟು ಹೊತ್ತು ಇನ್ನೊಬ್ಬ ಸುಮ್ಮನೆ ನಿಂತಿರಬೇಕಾಗುತ್ತದೆ. ಅದಕ್ಕೆ 20 ಮಾತ್ರೆಯ ಸಾಲನ್ನು ಮಾತ್ರ ಎರವಲು ಪಡೆದು ಎರಡೆರಡು ಸಾಲಿನ ಮಾತು ಹೊಸೆದೆ:

ಮಾತೆಯನು ಜರೆದ ನಾಲಗೆಗೆ ನಾನಂಜೆನೇ
ಸೋತರೂ ಸರಿಯೆ ಕುದುರೆಯ ಬಿಡೆನು ಪಾರ್ಥ ಕೇಳ್

ಮಾತೆಯನು, ಜರೆದ ನಾ, ಲಗೆಗೆ ನಾ, ನಂಜೆನೇ: ಐದೈದು. ಎರಡನೆಯ ಅಕ್ಷರದಲ್ಲಿ ತಕಾರದ ಪ್ರಾಸ. ಕಾವ್ಯವಾಗಿ ಇದು ದೊಡ್ಡದೇನಲ್ಲ, ಬಾಯಿಗೆ ಕೂರುತ್ತದೆ, ಅಷ್ಟು ಸಾಕು. ಕೆಡುವುದು ನಟ ಗಣಕ್ಕೆ ಗಣ ಮುರಿದು ‘ಜರೆದ ನಾ... ಲಗೆಗೆ ನಾ...’ ಎಂದು ತಾಳ ಹಾಕಿದಾಗ. ಮೊದಲ ಮೂರು ದಿನ ಗದ್ಯದಂತೆ ಅರ್ಥಕ್ಕೆ ನಿಲ್ಲಿಸಿ ಹೇಳಿಸಬೇಕು, ಆಮೇಲೆ ನಡೆಗೆ ಕೂರಿಸಬೇಕು. ಅರ್ಜುನನ ವಾದ ಕಟ್ಟುವಾಗ ‘ಬಭ್ರುವಾಹನ ಕಾಳಗ’ದ ತಾಳಮದ್ದಳೆಗಳನ್ನು, ಅಂದರೆ ವೇಷ ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವನ್ನು, ಕೇಳುವುದು ಒಳ್ಳೆಯದು. ಅಲ್ಲಿ ಪಾತ್ರದ ಮಾತಾಡುವ ಒಳ್ಳೆಯ ಅರ್ಥಧಾರಿ ಅರ್ಜುನನನ್ನು ಬರೀ ದುಷ್ಟನಾಗಲು ಬಿಡುವುದಿಲ್ಲ, ಅವನ ಮಾತಿಗೊಂದು ನ್ಯಾಯ ಹುಡುಕುತ್ತಾನೆ. ಚಿತ್ರಕಥೆಗೆ ಬೇಕಾದದ್ದೂ ಅದೇ.

ಒಬ್ಬನೇ ನಟ ಎರಡೂ ಪಾತ್ರ ಮಾಡುವುದಾದರೆ ಬರವಣಿಗೆಯಲ್ಲೇ ಎಚ್ಚರ ಬೇಕು. ಫಿಲ್ಮಿನ ಕಾಲದಲ್ಲಿ ಕ್ಯಾಮೆರಾ ಅಲುಗದಂತೆ ಬಿಗಿದು, ಲೆನ್ಸಿನ ಮುಂದೆ ಅರ್ಧ ಮಾಸ್ಕ್ ಇಟ್ಟು ತೆಗೆದು, ರೀಲು ಹಿಂದಕ್ಕೆ ಸುತ್ತಿ ಇನ್ನರ್ಧ ತೆಗೆಯುತ್ತಿದ್ದರು. ನಡುವಿನ ಗೆರೆಯನ್ನು ಯಾರ ಕೈಯೂ ದಾಟುವಂತಿರಲಿಲ್ಲ. ಈಗ ಗೆರೆಯ ಕಾಟವಿಲ್ಲ, ನೋಟದ ಕಾಟ ಉಳಿದಿದೆ. ಎದುರಿಗೆ ಇಲ್ಲದವನ ಕಣ್ಣಿನ ಎತ್ತರಕ್ಕೆ ಕೋಲಿನ ಮೇಲೆ ಗುರುತು ಕಟ್ಟದಿದ್ದರೆ ಮಗ ತಂದೆಯ ಕಿವಿಯ ಜೊತೆ ಮಾತಾಡುತ್ತಾನೆ. ಒದೆತದಲ್ಲಿ ಮುಖ ಮರೆಯಾಗಿಸಿದ್ದಕ್ಕೆ ಇದೂ ಒಂದು ಕಾರಣ: ಬಗ್ಗಿದ ಬೆನ್ನು ಬದಲಿ ನಟನದಾಗಬಹುದು.

ಕಾಳಗಕ್ಕೆ ಮೂರೇ ಸುತ್ತು. ಪ್ರತಿ ಸುತ್ತಿನ ಕೊನೆಗೆ ಅರ್ಜುನನಿಂದ ಏನಾದರೊಂದು ಹೋಗಿರಬೇಕು: ರಥ, ಆಮೇಲೆ ವೃಷಕೇತು, ಆಮೇಲೆ ಅವನು. ವೃಷಕೇತುವಿನ ಸಾವನ್ನು ಅವಸರದಲ್ಲಿ ದಾಟಿಸಬೇಡಿ. ಅಣ್ಣನೆಂದು ತಿಳಿಯದೆ ಕರ್ಣನನ್ನು ಕೊಂದವನು ಅವನ ಮಗನನ್ನು ಎತ್ತಿಕೊಂಡು ಕೂತ ಆ ಗಳಿಗೆಯಲ್ಲಿ, ಸ್ವಂತ ಮಗನಿಗೆ ಅಂದ ಮಾತು ಪ್ರೇಕ್ಷಕನಿಗೆ ತಾನಾಗಿ ನೆನಪಾಗುತ್ತದೆ. ಸಂಭಾಷಣೆಯಲ್ಲಿ ನೆನಪಿಸಬೇಕಿಲ್ಲ. ಶಾಪದ ವಿಷಯ ಉಲೂಪಿಯ ಬಾಯಿಂದ ಎರಡು ವಾಕ್ಯ, ಅದೂ ಅರ್ಜುನ ಎದ್ದ ಮೇಲೆ. ಮುಂಚೆ ಹೇಳಿದರೆ ಯಾರೂ ಅಳುವುದಿಲ್ಲ.

ಮುಕ್ತಾಯವನ್ನೂ ವ್ಯಾಸರಿಂದಲೇ ತೆಗೆದುಕೊಂಡೆ. ನಿದ್ದೆಯಿಂದೆದ್ದವನಂತೆ ಅರ್ಜುನ ಏಳುತ್ತಾನೆ. ಊರೊಳಗೆ ಬಂದು ಒಂದು ರಾತ್ರಿ ಇದ್ದು ಹೋಗು ಎಂದು ಮಗ ಕರೆದರೂ ಒಪ್ಪುವುದಿಲ್ಲ. ಕುದುರೆ ಹೋದತ್ತ ಹೋಗಬೇಕೆಂಬ ದೀಕ್ಷೆ ಅವನದು. ಹೀಗಾಗಿ ಕೊನೆಯ ಶಾಟಿನಲ್ಲಿ ಕುದುರೆ ಮುಂದೆ, ಅರ್ಜುನ ಹಿಂದೆ, ಮಗ ಹಗ್ಗ ಬಿಟ್ಟ ಕೈಯನ್ನು ಇಳಿಸದೆ ನಿಂತಿರುತ್ತಾನೆ. ತೆಗೆಯುವಾಗ ಈ ಶಾಟನ್ನು ಬೆಳಿಗ್ಗೆ ಮೊದಲಿಗೇ ಇಟ್ಟುಕೊಳ್ಳಿ. ಹಗಲೆಲ್ಲ ಸದ್ದಿನಲ್ಲಿ ನಿಂತ ಕುದುರೆ ಸಂಜೆ ಹೊತ್ತಿಗೆ ಕ್ಯಾಮೆರಾಕ್ಕೆ ಬೆನ್ನು ಹಾಕಿ ನಡೆಯುವುದಿಲ್ಲ, ಲಾಯದತ್ತ ತಿರುಗುತ್ತದೆ.