ಹತ್ತು ತಾಸು ದುಡಿದವನ ಪಗಾರ ಮೈನಸ್ 5 ರೂಪಾಯಿ!

ಬೆಳಗಾವಿ ಉದ್ಯಮಬಾಗದ ಸಣ್ಣದೊಂದು ಲೇತ್ ಶಾಪ್‌ನ ಹಾಜರಿ ಪುಸ್ತಕ ತಿಂಗಳಿಗೊಮ್ಮೆ ನನ್ನ ಕೈಗೆ ಬರುತ್ತದೆ. ಅದನ್ನು ಎಕ್ಸೆಲ್‌ಗೆ ಏರಿಸಿದ ಮೊದಲ ಬಟವಡೆಯಲ್ಲೇ ರಾತ್ರಿಪಾಳಿ ಹುಡುಗನೊಬ್ಬನ ಹೆಸರಿನೆದುರು ಮೈನಸ್ 5 ರೂಪಾಯಿ ಬಂದಿತ್ತು. ‘ಅಂದ್ರ ನಾನ ನಿಮಗ ಕೊಡಬೇಕೇನ್ರಿ ಸರ?’ ಅಂದ. 24ರಿಂದ ಗುಣಿಸುವುದನ್ನು ನಾನು ಮರೆತಿದ್ದೆ.

ಎಕ್ಸೆಲ್ ಕಾಲವನ್ನು ಅಳೆಯುವುದು ದಿನದ ಲೆಕ್ಕದಲ್ಲಿ. ಪೂರ್ತಿ ದಿನ ಅಂದರೆ 1. ಬೆಳಗಿನ 6 ಗಂಟೆ 0.25, ಮಧ್ಯಾಹ್ನ 12 ಗಂಟೆ 0.5. ತಾಸು ಬೇಕೆಂದರೆ 24ರಿಂದ ಗುಣಿಸಬೇಕು.

ಮೊದಲು ಅಂಕಣಗಳು: ಎ ಹೆಸರು, ಬಿ ಬಂದ ಹೊತ್ತು, ಸಿ ಹೋದ ಹೊತ್ತು, ಡಿ ತಾಸು, ಇ ಓಟಿ (ಎಂಟು ತಾಸಿನ ಮೇಲಿನ ದುಡಿಮೆ), ಎಫ್ ತಾಸಿನ ದರ, ಜಿ ಪಗಾರ. (ಕೀಲಿಮಣೆಯಲ್ಲಿ ಇವನ್ನೂ ಮುಂದಿನ ಸೂತ್ರಗಳನ್ನೂ ಇಂಗ್ಲಿಷ್ ಅಕ್ಷರದಲ್ಲೇ ಒತ್ತಿ.)

ಹೊತ್ತು ಬರೆಯುವಾಗಲೇ ಅರ್ಧ ಜನ ಎಡವುತ್ತಾರೆ. ನಮಗೆ 8.30 ಅಂತ ಚುಕ್ಕೆ ಇಟ್ಟು ಬರೆದು ರೂಢಿ. ಹಾಳೆಗೆ ಅದು ಬರೀ ಸಂಖ್ಯೆ. 17.45ರಲ್ಲಿ 8.30 ಕಳೆದರೆ 9.15 ಬಂದು, ಎಲ್ಲ ಸರಿಯಿದೆ ಅನಿಸುತ್ತದೆ. ಮರುದಿನ 18.15ರಲ್ಲಿ 8.30 ಕಳೆಯಿರಿ: 9.85! ದುಡಿದದ್ದು ಒಂಬತ್ತೂ ಮುಕ್ಕಾಲು ತಾಸು, ಅಂದರೆ 9.75. ಒಮ್ಮೆ ಸರಿ ಕಂಡು ಒಮ್ಮೆ ತಪ್ಪುವ ಲೆಕ್ಕ ಬಹಳ ದಿನ ಸಿಕ್ಕಿಬೀಳುವುದಿಲ್ಲ. ಹಾಗಾಗಿ 8:30, 18:15 ಎಂದು ಎರಡು ಚುಕ್ಕೆ ಹಾಕಿಯೇ ಬರೆಯಿರಿ.

ಡಿ2ರಲ್ಲಿ: =ಎಂಒಡಿ(ಸಿ2-ಬಿ2,1)*24-0.5

ಕೊನೆಯ 0.5 ಊಟದ ಅರ್ಧ ತಾಸು. ಎಂಒಡಿ ಬೇಕಾಗುವುದು ರಾತ್ರಿಪಾಳಿಗೆ. 22:00ಕ್ಕೆ ಬಂದವನು 8:30ಕ್ಕೆ ಹೋದರೆ ಬರೀ ಕಳೆದಾಗ ಮೈನಸ್ ಬಂದು ಹಾಳೆಯ ಆ ಮನೆ (ಸೆಲ್) ತುಂಬ ##### ಕಾಣುತ್ತದೆ. ಎಂಒಡಿ ಇದ್ದರೆ ಅದೇ ಒಂದು ದಿನ ಕೂಡಿಸಿ ಹತ್ತೂವರೆ ತಾಸು ಕೊಡುತ್ತದೆ. ಊಟ ಕಳೆದು 10. ಉತ್ತರ 0:00 ಅಂತ ಕಂಡರೆ ಗಾಬರಿ ಬೇಡ, ಆ ಮನೆಯ ಫಾರ್ಮ್ಯಾಟನ್ನು ಟೈಮ್‌ನಿಂದ ನಂಬರ್‌ಗೆ ಬದಲಿಸಿ.

ಇ2ರಲ್ಲಿ: =ಮ್ಯಾಕ್ಸ್(0,ಡಿ2-8)

ಬೇಗ ಮನೆಗೆ ಹೋದವನ ಓಟಿ ಮೈನಸ್ ಆಗದಿರಲಿ ಎಂದು ಆ ಸೊನ್ನೆ.

ಜಿ2ರಲ್ಲಿ: =(ಡಿ2+ಇ2)*ಎಫ್2

ಓಟಿಗೆ ದುಪ್ಪಟ್ಟು ದರ ಅಂದರೆ ಆ ತಾಸುಗಳನ್ನು ಇನ್ನೊಮ್ಮೆ ಕೂಡಿಸಿದರಾಯಿತು. ತಾಸಿಗೆ 80 ರೂಪಾಯಿಯಂತೆ ನಮ್ಮ ಹುಡುಗನಿಗೆ (10+2)*80, ಅಂದರೆ 960. ನಾನು 24 ಬಿಟ್ಟಾಗ ಹತ್ತೂವರೆ ತಾಸು 0.4375 ದಿನವಾಗೇ ಉಳಿದು, ಅದರಲ್ಲಿ 0.5 ಕಳೆದು, 80ರಿಂದ ಗುಣಿಸಿ ಮೈನಸ್ 5 ಆಗಿತ್ತು.

ಓಟಿಗೆ ದುಪ್ಪಟ್ಟು ಕೊಡುವುದು ಮಾಲೀಕರ ಔದಾರ್ಯವಲ್ಲ. 1948ರ ಕಾರ್ಖಾನೆ ಕಾಯ್ದೆಯ 59ನೇ ಕಲಮು ದಿನಕ್ಕೆ 9 ಅಥವಾ ವಾರಕ್ಕೆ 48 ತಾಸು ದಾಟಿದ ದುಡಿಮೆಗೆ ಎರಡು ಪಟ್ಟು ಎಂದಿತ್ತು. ಹೊಸ ಕಾರ್ಮಿಕ ಸಂಹಿತೆಯಲ್ಲೂ ಓಟಿ ದರ ಎರಡು ಪಟ್ಟೇ. ಕೆಲವು ಶಾಪ್‌ಗಳಲ್ಲಿ ಇ2ರ ಸೂತ್ರದಲ್ಲಿ 8ರ ಬದಲು 9 ಹಾಕಿರುತ್ತಾರೆ. ಅಲ್ಲಿ ದಿನಾ 9 ತಾಸಿನಂತೆ ಆರು ದಿನ ದುಡಿದವನ ಇ ಅಂಕಣ ಪೂರ್ತಿ ಸೊನ್ನೆ, ವಾರದ ಮೊತ್ತ ಮಾತ್ರ 54. ಆ 6 ತಾಸಿನ ಓಟಿ ಹಾಳೆಯಲ್ಲಿ ತಾನಾಗಿ ಕಾಣುವುದಿಲ್ಲ. ಶನಿವಾರ ಡಿ ಅಂಕಣ ಕೂಡಿಸಿ, 48 ಕಳೆದು, ದಿನದ ಓಟಿಯಲ್ಲಿ ಆಗಲೇ ಕೊಟ್ಟದ್ದನ್ನು ತೆಗೆದು ಉಳಿದದ್ದನ್ನು ಸೇರಿಸಬೇಕು.